ಬಿಬಿಎಸ್‌ಗೆ ಟೈಮ್ ಬ್ಯಾಂಕ್ ಹಾಕೋದು ಹೇಗೆ: ಡ್ರಾಪ್ ಫೈಲಿಂದ ಹಿಡಿದು ಲಾಗ್ ನೋಡೋವರೆಗೂ

ಡಯಲ್-ಅಪ್ ಬಿಬಿಎಸ್ (ಫೋನ್ ಲೈನಲ್ಲಿ ಮೋಡೆಮ್ ಹಚ್ಚಿ ಒಳಗೆ ಬರೋ ಬುಲೆಟಿನ್ ಬೋರ್ಡ್) ಇವತ್ತಿಗೂ ನಡೆಸ್ತಿರೋರು, ಇಲ್ಲಾ ಹಳೇ ಮಷೀನಿಗೆ ಮತ್ತೆ ಜೀವ ಕೊಟ್ಟು ಒಂದು ಮೋಡೆಮ್ ಹಚ್ಚಿಟ್ಟಿರೋರು, ಟೈಮ್ ಬ್ಯಾಂಕ್ (ಯೂಸರ್ ತನ್ನ ದಿನದ ಮಿತೀಲಿ ಬಳಸದೇ ಉಳಿಸಿದ ನಿಮಿಷ ಕೂಡಿಟ್ಟು ಆಮೇಲೆ ತೆಗೆಯೋ ಪ್ರೋಗ್ರಾಮ್) ವಿಷಯದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಒಂದೇ ತಪ್ಪು ಮಾಡ್ತಾರೆ. ಜಿಪ್ ಬಿಚ್ಚೋದು, ಸೆಟಪ್ ಓಡಿಸೋದು, ದಿನಕ್ಕೆ ಇಷ್ಟು ನಿಮಿಷ ಅಂತ ಒಂದು ನಂಬರ್ ಹೊಡೆಯೋದು, ಮೆನುಗೆ ಒಂದು ಸಾಲು ಸೇರಿಸಿ ಕೈ ತೊಳ್ಕೊಳ್ಳೋದು. ನಾನೂ ಹಂಗೇ ಮಾಡಿದ್ದೆ. ಒಂದು ವಾರ ಆದ್ಮೇಲೆ ನೋಡಿದ್ರೆ ಒಬ್ಬ ಯೂಸರ್ ಬ್ಯಾಂಕಿಗೆ 30 ನಿಮಿಷ ಹಾಕ್ತಾನೆ, ಲೈನ್ ಕಟ್ ಮಾಡ್ತಾನೆ, ಮತ್ತೆ ಡಯಲ್ ಮಾಡಿ ಒಳಗೆ ಬಂದ್ರೆ ಆ 30 ನಿಮಿಷ ಬಿಬಿಎಸ್‌ನಲ್ಲಿ ಹಂಗೇ ಕೂತಿದೆ! ಅದನ್ನ ಮತ್ತೆ ಬ್ಯಾಂಕಿಗೆ ಹಾಕ್ತಾನೆ. ಪಾಪ ಅವನದ್ದೇನೂ ತಪ್ಪಿಲ್ಲ, ಬಾಗಿಲು ತೆಗೆದಿಟ್ಟೋನು ನಾನು.

ಅದಕ್ಕೇ ಒಂದು ಮಾತು ಮೊದಲೇ ತಲೇಲಿ ಇಟ್ಕೊಳ್ಳಿ. ಟೈಮ್ ಬ್ಯಾಂಕ್ ಅಂದ್ರೆ ಗೋಲಕ ಅಲ್ಲ, ಅದು ಎರಡು ಖಾತೆ. ಒಂದು ಖಾತೆ ಬ್ಯಾಂಕಿನ ಡೇಟಾ ಫೈಲಲ್ಲಿ, ಇನ್ನೊಂದು ಬಿಬಿಎಸ್‌ನ ಯೂಸರ್ ಫೈಲಲ್ಲಿ. ಒಂದು ಕಡೆ ಜಮಾ ಆದ ನಿಮಿಷ ಇನ್ನೊಂದು ಕಡೆ ಖರ್ಚು ಬೀಳಲೇಬೇಕು. ನಿಮಿಷ ಕೂಡಿಡೋದು ಯಾವ ಪ್ರೋಗ್ರಾಮಿಗಾದ್ರೂ ಬರತ್ತೆ, ಆ ಎರಡು ಖಾತೆ ತಾಳೆ ಆಗೋ ಹಾಗೆ ಮಾಡೋದೇ ನಿಜವಾದ ಕೆಲಸ, ಈ ಬರಹದಲ್ಲಿ ಮುಕ್ಕಾಲು ಪಾಲು ಅದೇ ಇದೆ.

ಇನ್ನೊಂದು ವಿಷಯ, ಫೈಲ್ ಹೆಸರು, ಕಮ್ಯಾಂಡ್ ಎಲ್ಲಾ ಇಲ್ಲಿ ಕನ್ನಡದಲ್ಲೇ ಬರೆದಿದ್ದೀನಿ, ಮಷೀನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕ್ಕೊಳ್ಳಿ.

ಇದು ಬೇಕಾ ನಿಮಗೆ?

ಒಂದು ಲೈನ್, ಒಂದು ಮೋಡೆಮ್, ಒಂದು ಸಲಕ್ಕೆ ಒಬ್ಬನೇ ಯೂಸರ್. 1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸೂಸ್ ಇಬ್ಬರೂ ಸೇರಿ ಮೊದಲ ಬಿಬಿಎಸ್ ಆದ ಸಿಬಿಬಿಎಸ್ ಶುರು ಮಾಡಿದಾಗಿಂದ ಇರೋ ತಾಪತ್ರಯ ಇದು. ದಿನಕ್ಕೆ ಇರೋದೇ 1440 ನಿಮಿಷ, ತಲಾ 60 ಕೊಟ್ರೆ ಹೆಚ್ಚಂದ್ರೆ 24 ಜನ, ಅದೂ ಲೈನ್ ಒಂದು ನಿಮಿಷಾನೂ ಖಾಲಿ ಬೀಳದೇ ಇದ್ರೆ. ಹಾಗಾಗಿ ಪ್ರತಿ ಬಿಬಿಎಸ್‌ನಲ್ಲೂ ದಿನದ ಮಿತಿ ಇರತ್ತೆ. ಆದ್ರೆ ಮಿತಿ ಇಟ್ಟ ಕೂಡ್ಲೇ ಇನ್ನೊಂದು ತೊಂದರೆ ಶುರು. 2400 ಬಿಪಿಎಸ್ ಮೋಡೆಮಲ್ಲಿ ಸೆಕೆಂಡಿಗೆ ಸುಮಾರು 240 ಅಕ್ಷರ ಹೋಗತ್ತೆ (ಒಂದು ಬೈಟಿಗೆ ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ 10 ಬಿಟ್), ಅಂದ್ರೆ 1 ಎಂಬಿ ಫೈಲಿಗೆ ಹತ್ರಹತ್ರ 73 ನಿಮಿಷ. 60 ನಿಮಿಷದ ಮಿತಿ ಇರೋನು ಆ ಫೈಲನ್ನ ಒಂದೇ ಏಟಿಗೆ ಇಳಿಸ್ಕೊಳ್ಳೋಕೆ ಆಗೋದೇ ಇಲ್ಲ. ಝಡ್‌ಮೋಡೆಮ್ (ಫೈಲ್ ಕಳಿಸೋ ಒಂದು ಪ್ರೋಟೋಕಾಲ್) ಇದ್ರೆ ನಾಳೆ ಬಂದು ಬಿಟ್ಟಲ್ಲಿಂದ ಮುಂದುವರಿಸಬಹುದು ಅನ್ನಿ, ಆದ್ರೂ ನಿನ್ನೆ ಹತ್ತು ನಿಮಿಷ ಮಾತ್ರ ಬಳಸಿ ಹೋದವನಿಗೆ ಉಳಿದ 50 ನಿಮಿಷ ಪೂರ್ತಿ ಹಾಳು. ಅದರಲ್ಲಿ ಒಂದಷ್ಟನ್ನ ಕೂಡಿಟ್ಟು ಬೇಕಾದ ದಿನ ತೆಗೆಯೋಕೆ ಬಿಡೋದೇ ಟೈಮ್ ಬ್ಯಾಂಕ್.

ನಿಮ್ಮ ಯೂಸರ್‌ಗಳೆಲ್ಲಾ 28800ರಲ್ಲಿ ಬರ್ತಾರೆ, ಅದೇ ಫೈಲ್ ಆರೇಳು ನಿಮಿಷಕ್ಕೆ ಮುಗಿಯತ್ತೆ, ದಿನಕ್ಕೆ ಐದಾರು ಕಾಲ್ ಬಂದ್ರೆ ಹೆಚ್ಚು ಅನ್ನೋ ಪರಿಸ್ಥಿತಿ ಇದ್ರೆ ಬ್ಯಾಂಕ್ ಬಿಡಿ, ದಿನದ ಮಿತೀನೇ 120 ಮಾಡಿ ಆರಾಮಾಗಿರಿ.

ಡೌನ್‌ಲೋಡ್ ಮಾಡೋಕೆ ಮುಂಚೆ

ನಿಮ್ಮ ಬಿಬಿಎಸ್ ಸಾಫ್ಟ್‌ವೇರ್ ಒಳಗೇ ಬ್ಯಾಂಕ್ ಇದೆಯಾ ನೋಡಿ. ರೆನಗೇಡ್‌ನಲ್ಲಿ ಇದೆ, ಡಾಲರ್ ಗುರುತಿಂದ ಶುರುವಾಗೋ ಮೆನು ಕಮ್ಯಾಂಡ್‌ಗಳು, $ಡಿ ಹಾಕಿದ್ರೆ ಜಮಾ, $ಡಬ್ಲ್ಯು ಹಾಕಿದ್ರೆ ವಾಪಸ್. ಮಿಸ್ಟಿಕ್‌ನಲ್ಲೂ ಒಳಗೇ ಬರತ್ತೆ. ಒಳಗೇ ಇರೋ ಬ್ಯಾಂಕಲ್ಲಿ ಎರಡು ಖಾತೇನೂ ಒಂದೇ ಪ್ರೋಗ್ರಾಮಿನ ಕೈಲಿ ಇರೋದ್ರಿಂದ ನಾನು ಮೇಲೆ ಹೇಳಿದ ಗೋಳು ತುಂಬಾ ಕಮ್ಮಿ. ಅಂಥವರು ಸೀದಾ ಕೆಳಗೆ ಮಿತಿಗಳ ಭಾಗಕ್ಕೆ ಹೋಗಿ, ಮಧ್ಯದ್ದು ಬೇಡ. ಮಿಕ್ಕವರು, ಅಂದ್ರೆ ಕ್ವಿಕ್‌ಬಿಬಿಎಸ್, ರಿಮೋಟ್‌ಆಕ್ಸೆಸ್ ಥರದ್ದರಲ್ಲಿ ಬ್ಯಾಂಕನ್ನ ಡೋರ್ (ಬಿಬಿಎಸ್ ಕರೆದು ಓಡಿಸೋ ಬೇರೆ ಪ್ರೋಗ್ರಾಮ್) ಆಗಿ ಹೊರಗಿಂದ ಓಡಿಸೋರು, ನನ್ನ ಜೊತೆ ಬನ್ನಿ.

ಹಂತ 1: ಡ್ರಾಪ್ ಫೈಲ್, ಎಲ್ಲಾ ಇರೋದು ಇಲ್ಲೇ

ಬಿಬಿಎಸ್ ಒಂದು ಡೋರ್ ಓಡಿಸೋ ಮುಂಚೆ ಯೂಸರ್ ಯಾರು, ಯಾವ ಪೋರ್ಟ್, ಎಷ್ಟು ನಿಮಿಷ ಉಳಿದಿದೆ ಅಂತ ಒಂದು ಫೈಲಲ್ಲಿ ಬರೆದಿಡತ್ತೆ, ಅದೇ ಡ್ರಾಪ್ ಫೈಲ್. ಡೋರ್ ಅದನ್ನ ಓದ್ಕೊಂಡು ಕೆಲಸ ಶುರು ಮಾಡತ್ತೆ. ಇಲ್ಲಿವರೆಗೂ ಎಲ್ಲರಿಗೂ ಗೊತ್ತು. ಯಾರೂ ಕೇಳದೇ ಇರೋ ಪ್ರಶ್ನೆ ಏನಂದ್ರೆ, ಡೋರ್ ಮುಗಿದ್ಮೇಲೆ ಬಿಬಿಎಸ್ ಆ ಫೈಲನ್ನ *ವಾಪಸ್ ಓದತ್ತಾ?*

ಗೇಮ್ ಡೋರ್‌ಗಳಿಗೆ ಇದು ಬೇಕಾಗಿಲ್ಲ, ಓದಿ ಆಟ ಆಡಿಸಿ ವಾಪಸ್ ಕಳಿಸಿದ್ರೆ ಮುಗೀತು. ಬ್ಯಾಂಕಿಗೆ ಹಾಗಲ್ಲ. ಬ್ಯಾಂಕ್ "ಈತನ ಟೈಮಿಂದ 20 ನಿಮಿಷ ಕಳೆ" ಅಂತ ಬಿಬಿಎಸ್‌ಗೆ ಹೇಳ್ಬೇಕು, ಹೇಳೋಕೆ ಇರೋ ದಾರಿ ಆ ಫೈಲೇ. ಬಿಬಿಎಸ್ ಅದನ್ನ ಓದದೇ ಇದ್ರೆ ನೀವು ಬ್ಯಾಂಕಲ್ಲಿ ಏನೇ ಸೆಟ್ಟಿಂಗ್ ಮಾಡಿ, ಕಿವುಡನ ಮುಂದೆ ಶಂಖ ಊದಿದಂಗೆ.

ಸಾಮಾನ್ಯವಾಗಿ ಸಿಗೋ ಫೈಲ್‌ಗಳು ಹೀಗಿವೆ. ಡೋರ್‌ಇನ್ಫೋ1.ಡೆಫ್ ಅನ್ನೋದು 13 ಸಾಲಿನ ಪುಟ್ಟ ಟೆಕ್ಸ್ಟ್ ಫೈಲ್, ಅದರಲ್ಲಿ 11ನೇ ಸಾಲು ಸೆಕ್ಯುರಿಟಿ ಲೆವೆಲ್, 12ನೇ ಸಾಲು ಉಳಿದ ನಿಮಿಷ. ನೋಡೋಕೆ ಸುಲಭ, ಆದ್ರೆ ಇದು ಒಂದೇ ದಿಕ್ಕಿನ ರಸ್ತೆ ಅಂತಾನೇ ಅಂದ್ಕೊಳ್ಳಿ, ಬ್ಯಾಂಕಿಗೆ ಇದೊಂದನ್ನೇ ನಂಬ್ಕೊಂಡು ಕೂರಬೇಡಿ. ಡೋರ್.ಸಿಸ್ ಅನ್ನೋದು ಗ್ಯಾಪ್ ಬಿಬಿಎಸ್‌ನಿಂದ ಬಂದಿದ್ದು, ಪೂರ್ತಿ ಇದ್ರೆ 52 ಸಾಲು. ಅದರಲ್ಲಿ 18ನೇ ಸಾಲು ಉಳಿದ ಸೆಕೆಂಡ್, 19ನೇ ಸಾಲು ಉಳಿದ ನಿಮಿಷ, 37ನೇ ಸಾಲು ಮುಂದಿನ ಇವೆಂಟ್ (ಬಿಬಿಎಸ್ ನಿಗದಿ ಹೊತ್ತಿಗೆ ತಾನೇ ಮಾಡೋ ಕೆಲಸ) ಟೈಮ್, 42ನೇ ಸಾಲು ಟೈಮ್ ಕ್ರೆಡಿಟ್. ಸೆಕೆಂಡ್ ಬೇರೆ ನಿಮಿಷ ಬೇರೆ ಸಾಲಲ್ಲಿ ಇರೋದು ಗಮನಿಸಿ, ಬ್ಯಾಂಕ್ ಒಂದನ್ನ ತಿದ್ದಿ ಬಿಬಿಎಸ್ ಇನ್ನೊಂದನ್ನ ನೋಡಿದ್ರೆ ಜಮಾ ಮಾಡಿದ್ದೆಲ್ಲಾ ಫ್ರೀ. ಡೋರ್.ಸಿಸ್ ಬರೆಯೋ ಬಿಬಿಎಸ್‌ಗಳೆಲ್ಲಾ ಅದನ್ನ ವಾಪಸ್ ಓದ್ತವೆ ಅಂತೇನಿಲ್ಲ, ನಿಮ್ಮದು ಓದತ್ತಾ ಅಂತ ಮ್ಯಾನ್ಯುಯಲ್ ನೋಡಿ, ಅದಕ್ಕಿಂತ ಮುಖ್ಯವಾಗಿ ಕೆಳಗೆ ಹೇಳಿರೋ ಹಾಗೆ ಪರೀಕ್ಷೆ ಮಾಡಿ.

ಬ್ಯಾಂಕಿಗೆ ಹೇಳಿ ಮಾಡಿಸಿದ ಫೈಲ್ ಅಂದ್ರೆ ಕ್ವಿಕ್‌ಬಿಬಿಎಸ್, ರಿಮೋಟ್‌ಆಕ್ಸೆಸ್ ಕಡೆಯ ಎಕ್ಸಿಟ್‌ಇನ್ಫೋ.ಬಿಬಿಎಸ್. ಅದರಲ್ಲಿ ಯೂಸರ್ ರೆಕಾರ್ಡೇ ಇರತ್ತೆ, ಡೋರ್ ಮುಗಿದ್ಮೇಲೆ ಬಿಬಿಎಸ್ ಅದನ್ನ ಓದ್ಕೊಂಡು ತನ್ನ ಲೆಕ್ಕ ಸರಿ ಮಾಡ್ಕೊಳತ್ತೆ. ಒಂದೇ ಒಂದು ಎಡವಟ್ಟು, ಇದು ಟೆಕ್ಸ್ಟ್ ಅಲ್ಲ, ಬೈನರಿ. ಕ್ವಿಕ್‌ಬಿಬಿಎಸ್‌ನದ್ದು ಒಂದು ಗಾತ್ರ, ರಿಮೋಟ್‌ಆಕ್ಸೆಸ್ 1 ಸರಣಿಯದ್ದು ಇನ್ನೊಂದು, 2 ಸರಣಿಯದ್ದು ಮತ್ತೊಂದು. ಹಳೇ ಗಾತ್ರಕ್ಕೆ ಬರೆದ ಬ್ಯಾಂಕನ್ನ ಹೊಸ ಬಿಬಿಎಸ್ ಮೇಲೆ ಓಡಿಸಿದ್ರೆ ನಿಮಿಷದ ಜಾಗದಲ್ಲಿ ಬೇರೇನೋ ಬರೆದುಬಿಡಬಹುದು, ಯೂಸರ್ ರೆಕಾರ್ಡೇ ಕುಲಗೆಟ್ಟು ಹೋಗತ್ತೆ. ಹಾಗಾಗಿ ಬ್ಯಾಂಕಿನ ಡಾಕ್ ಫೈಲಲ್ಲಿ ನಿಮ್ಮ ಬಿಬಿಎಸ್ ಹೆಸರಿದ್ರೆ ಸಾಲದು, ವರ್ಷನ್ ನಂಬರೂ ಇರಬೇಕು.

ಸರಿ, ಯಾವ ಫೈಲ್ ಅಂತ ಗೊತ್ತಾದ್ಮೇಲೆ ಬ್ಯಾಂಕಿನ ಸೆಟಪ್‌ನಲ್ಲಿ ಅದನ್ನೇ ಆರಿಸಿ, ಅದು ಇರೋ ಪೂರ್ತಿ ಪಾತ್ ಕೊಡಿ. ಡ್ರಾಪ್ ಫೈಲನ್ನ ಬ್ಯಾಂಕಿನ ಡೈರೆಕ್ಟರಿಗೆ *ಕಾಪಿ ಮಾಡಿ* ಓಡಿಸೋ ಅಭ್ಯಾಸ ಗೇಮ್ ಡೋರ್‌ಗಳಿಂದ ಎಲ್ಲರಿಗೂ ಅಂಟಿಕೊಂಡಿದೆ, ಇಲ್ಲಿ ಅದು ಬೇಡ. ಬ್ಯಾಂಕ್ ಕಾಪಿ ತಿದ್ದತ್ತೆ, ಬಿಬಿಎಸ್ ಅಸಲಿ ಓದತ್ತೆ. ನನ್ನ ಮೊದಲನೇ ವಾರದ ತೂತು ಇದೇ ಆಗಿತ್ತು, ಬ್ಯಾಚ್ ಫೈಲಲ್ಲಿ ಒಂದೇ ಒಂದು ಕಾಪಿ ಲೈನ್.

ಹಂತ 2: ಮೋಡೆಮ್, ಫಾಸಿಲ್

ಬೇರೆ ಡೋರ್‌ಗಳು ಈಗಾಗ್ಲೇ ಚೆನ್ನಾಗಿ ಓಡ್ತಿದ್ರೆ ಇಲ್ಲಿ ಹೆಚ್ಚು ಕೆಲಸ ಇಲ್ಲ. ಫಾಸಿಲ್ ಡ್ರೈವರ್ (ಪ್ರೋಗ್ರಾಮಿಗೂ ಮೋಡೆಮ್ ಪೋರ್ಟಿಗೂ ನಡುವೆ ಕೂರೋ ಡ್ರೈವರ್), ಎಕ್ಸ್00 ಇರಲಿ ಬಿಎನ್‌ಯು ಇರಲಿ, ಮಷೀನ್ ಆನ್ ಆಗುವಾಗ್ಲೇ ಲೋಡ್ ಆಗಿರಲಿ, ಪೋರ್ಟ್ ಸ್ಪೀಡ್ ಅಲ್ಲೇ ಲಾಕ್ ಆಗಿರಲಿ. ಬ್ಯಾಂಕಿನ ಸೆಟಪ್‌ನಲ್ಲಿ ಫಾಸಿಲ್ ಬಳಸು ಅನ್ನೋದನ್ನ ಆನ್ ಮಾಡಿ. ಮಾಡದೇ ಇದ್ರೆ ಬ್ಯಾಂಕ್ ಪೋರ್ಟನ್ನ ತಾನೇ ಹಿಡ್ಕೊಂಡು ಕನೆಕ್ಟ್ ಆದ ಸ್ಪೀಡಿಗೆ, ಅಂದ್ರೆ 14400ಕ್ಕೆ, ಸೆಟ್ ಮಾಡೋಕೆ ಹೋಗತ್ತೆ, ನೀವು ಪೋರ್ಟ್ ಲಾಕ್ ಮಾಡಿರೋದು 38400ಕ್ಕೆ, ಯೂಸರ್ ಸ್ಕ್ರೀನ್ ತುಂಬಾ ಚಿತ್ರವಿಚಿತ್ರ ಅಕ್ಷರ. ಡೋರ್.ಸಿಸ್‌ನಲ್ಲಿ 2ನೇ ಸಾಲು ಕನೆಕ್ಟ್ ಸ್ಪೀಡ್, 5ನೇ ಸಾಲು ಲಾಕ್ ಸ್ಪೀಡ್, ಕಸ ಕಾಣಿಸಿದ್ರೆ ಮೊದಲು ಆ ಎರಡು ಸಾಲು ತೆಗೆದು ನೋಡಿ.

ಬ್ಯಾಂಕಿಗೆ ಅಂತಾನೇ ನೋಡ್ಬೇಕಾದ್ದು ಒಂದಿದೆ, ಕ್ಯಾರಿಯರ್, ಅಂದ್ರೆ ಲೈನ್ ಇನ್ನೂ ಕನೆಕ್ಟ್ ಆಗಿದೆ ಅಂತ ಮೋಡೆಮ್ ಕೊಡೋ ಸಿಗ್ನಲ್. ಮೋಡೆಮ್ ಇನಿಟ್ ಸ್ಟ್ರಿಂಗಲ್ಲಿ (ಶುರುವಲ್ಲೇ ಮೋಡೆಮ್‌ಗೆ ಕಳಿಸೋ ಕಮ್ಯಾಂಡ್) &ಸಿ1, &ಡಿ2 ಎರಡೂ ಇರಲೇಬೇಕು. &ಸಿ1 ಇದ್ರೆ ಮಾತ್ರ ಯೂಸರ್ ಲೈನ್ ಕಟ್ ಮಾಡಿದ್ದು ಪ್ರೋಗ್ರಾಮಿಗೆ ಗೊತ್ತಾಗತ್ತೆ, &ಡಿ2 ಇದ್ರೆ ಬಿಬಿಎಸ್ ಡಿಟಿಆರ್ (ಕಂಪ್ಯೂಟರ್ ರೆಡಿ ಇದೆ ಅನ್ನೋ ಸಿಗ್ನಲ್) ಇಳಿಸಿದಾಗ ಮೋಡೆಮ್ ಫೋನ್ ಇಡತ್ತೆ. &ಸಿ0 ಬಿಟ್ಟಿದ್ರೆ ಯೂಸರ್ ಎದ್ದು ಹೋಗಿ ಹತ್ತು ನಿಮಿಷ ಆದ್ರೂ ಬ್ಯಾಂಕ್ "ಎಷ್ಟು ಜಮಾ ಮಾಡ್ತೀರಾ?" ಅಂತ ಕೇಳ್ಕೊಂಡೇ ಕೂತಿರತ್ತೆ.

ಹಂತ 3: ಡೈರೆಕ್ಟರಿ, ಬ್ಯಾಚ್, ಮೆನು

ಬ್ಯಾಂಕಿಗೆ ಅದರದ್ದೇ ಡೈರೆಕ್ಟರಿ ಮಾಡಿ, ಬೇರೆ ಡೋರ್ ಜೊತೆ ಸೇರಿಸಬೇಡಿ, ಯಾಕಂದ್ರೆ ಒಂದಿನ ಗೇಮ್ ರೀಸೆಟ್ ಮಾಡೋಕೆ ಹೋಗಿ ಡೇಟಾ ಫೈಲೆಲ್ಲಾ ಅಳಿಸ್ತೀರಾ, ಅದರ ಜೊತೆ ಜನ ಕೂಡಿಟ್ಟ ನಿಮಿಷಾನೂ ಹೋಗತ್ತೆ. ಬ್ಯಾಚ್ ಫೈಲಲ್ಲಿ ಇರಬೇಕಾದ್ದು ಮೂರೇ ಕೆಲಸ: ಬ್ಯಾಂಕಿನ ಡೈರೆಕ್ಟರಿಗೆ ಸಿಡಿ (ಡೈರೆಕ್ಟರಿ ಬದಲಾಯಿಸೋ ಕಮ್ಯಾಂಡ್), ಡ್ರಾಪ್ ಫೈಲ್ ಪಾತ್ ಕೊಟ್ಟು ಪ್ರೋಗ್ರಾಮ್ ಓಡಿಸೋದು, ಮತ್ತೆ ಬಿಬಿಎಸ್ ಡೈರೆಕ್ಟರಿಗೆ ಸಿಡಿ. ಡ್ರೈವ್ ಬೇರೆ ಇದ್ರೆ ಡ್ರೈವ್ ಅಕ್ಷರಾನೂ ಬದಲಾಯಿಸಿ, ಸಿಡಿ ಒಂದರಿಂದ ಡ್ರೈವ್ ಬದಲಾಗಲ್ಲ.

ರಿಮೋಟ್‌ಆಕ್ಸೆಸ್‌ನಲ್ಲಿ ಇದನ್ನ ಟೈಪ್ 7 ಮೆನು ಐಟಂ ಆಗಿ ಹಾಕಬಹುದು, ಬಿಬಿಎಸ್ ಒಳಗಿಂದಲೇ ಶೆಲ್ ಮಾಡತ್ತೆ. ಮೆಮೊರಿ ಸಾಲಲ್ಲ ಅಂತ ಬಂದ್ರೆ ಕಮ್ಯಾಂಡ್ ಸಾಲಲ್ಲಿ ಸ್ಟಾರ್ ಎಂ ಸೇರಿಸಿ, ಬಿಬಿಎಸ್ ತನ್ನನ್ನ ಡಿಸ್ಕಿಗೆ ಎತ್ತಿಟ್ಟು ಜಾಗ ಬಿಟ್ಕೊಡತ್ತೆ. ಇನ್ನೊಂದು ದಾರಿ ಟೈಪ್ 15, ಬಿಬಿಎಸ್ ಪೂರ್ತಿ ಹೊರಗೆ ಬಂದು ಎರರ್‌ಲೆವೆಲ್ (ಪ್ರೋಗ್ರಾಮ್ ಮುಗಿಯುವಾಗ ಬಿಟ್ಟು ಹೋಗೋ ಒಂದು ನಂಬರ್) ಕೊಡತ್ತೆ, ಮುಖ್ಯ ಬ್ಯಾಚ್ ಫೈಲ್ ಅದನ್ನ ನೋಡಿ ಬ್ಯಾಂಕ್ ಓಡಿಸತ್ತೆ. ಹೀಗೆ ಮಾಡೋರು ಒಂದು ಮರೀಬೇಡಿ, ಡಾಸ್‌ನಲ್ಲಿ "ಇಫ್ ಎರರ್‌ಲೆವೆಲ್ 50" ಅಂದ್ರೆ 50 *ಅಥವಾ ಅದಕ್ಕಿಂತ ಹೆಚ್ಚು* ಅಂತ ಅರ್ಥ. ದೊಡ್ಡ ನಂಬರಿಂದ ಚಿಕ್ಕದಕ್ಕೆ ಇಳಿಸ್ಕೊಂಡು ಬರೀಬೇಕು, ಇಲ್ಲಾಂದ್ರೆ ಬ್ಯಾಂಕ್ ಒತ್ತಿದವನಿಗೆ ಚೆಸ್ ಓಪನ್ ಆಗತ್ತೆ.

ಮೆನು ಐಟಂ ಎರಡು ಕಡೆ ಇರಲಿ. ಮುಖ್ಯ ಮೆನುನಲ್ಲಿ ಒಂದು, ಲಾಗಾಫ್ ದಾರೀಲಿ ಇನ್ನೊಂದು, "ಹೋಗೋ ಮುಂಚೆ ಉಳಿದ ಟೈಮ್ ಬ್ಯಾಂಕಿಗೆ ಹಾಕ್ತೀರಾ" ಅಂತ. ಈ ಎರಡನೇದು ಇಲ್ಲಾಂದ್ರೆ ಮುಕ್ಕಾಲು ಜನಕ್ಕೆ ಬ್ಯಾಂಕ್ ಇದೆ ಅನ್ನೋದೇ ನೆನಪಾಗಲ್ಲ. ಬಣ್ಣಬಣ್ಣದ ಆನ್ಸಿ ಸ್ಕ್ರೀನ್ ಮಾಡಿ ಬೇಡ ಅನ್ನಲ್ಲ, ಆದ್ರೆ 3000 ಬೈಟಿನ ಸ್ಕ್ರೀನ್ 2400ರಲ್ಲಿ ಬರೋಕೆ ಹನ್ನೆರಡು ಸೆಕೆಂಡ್ ಮೇಲೆ ಹಿಡಿಯತ್ತೆ, ಟೈಮ್ ಉಳಿಸೋಕೆ ಬಂದವನ ಟೈಮೇ ತಿನ್ನಬೇಡಿ.

ಹಂತ 4: ಮಿತಿಗಳು

ಬ್ಯಾಂಕ್ ಯಾರು ಬರೆದಿದ್ರೂ ಸೆಟಪ್‌ನಲ್ಲಿ ಕೇಳೋದು ಹೆಚ್ಚುಕಮ್ಮಿ ಇವೇ: ದಿನಕ್ಕೆ ಎಷ್ಟು ಜಮಾ, ದಿನಕ್ಕೆ ಎಷ್ಟು ವಾಪಸ್, ಒಟ್ಟು ಎಷ್ಟರವರೆಗೆ ಕೂಡಿಡಬಹುದು, ಜಮಾ ಆದ್ಮೇಲೆ ಕನಿಷ್ಠ ಎಷ್ಟು ನಿಮಿಷ ಕೈಲಿ ಉಳೀಬೇಕು, ಯಾವ ಸೆಕ್ಯುರಿಟಿ ಲೆವೆಲ್ ಮೇಲಿನೋರಿಗೆ. ಕೆಲವರಲ್ಲಿ ಬಡ್ಡಿ, ಕೆಲವರಲ್ಲಿ ಡೌನ್‌ಲೋಡ್ ಕಿಲೋಬೈಟ್ ಜಮಾ ಕೂಡ.

ಎಲ್ಲರೂ ತಲೆ ಕೆಡಿಸ್ಕೊಳ್ಳೋದು ಜಮಾ ಮಿತಿ ಬಗ್ಗೆ. ನನ್ನ ಪ್ರಕಾರ ಅದು ಕೊನೇ ಚಿಂತೆ. ಜಮಾ ಮಾಡಿದವನಿಂದ ಯಾರಿಗೂ ತೊಂದರೆ ಇಲ್ಲ, ಅವನು ಲೈನ್ ಬಿಟ್ಕೊಟ್ಟು ಹೋಗ್ತಿದ್ದಾನೆ. ತೊಂದರೆ ಇರೋದು *ವಾಪಸ್ ತೆಗೆಯೋ* ದಿನ. ಲೆಕ್ಕ ಹಾಕಿ ನೋಡಿ, 40 ಜನ ಯೂಸರ್, ಒಬ್ಬೊಬ್ಬರ ಖಾತೇಲೂ 180 ನಿಮಿಷ, ಒಟ್ಟು 7200. ಅಂದ್ರೆ ನಿಮ್ಮ ಒಂದೇ ಒಂದು ಲೈನಿನ ಇಡೀ 5 ದಿನ ನೀವು ಸಾಲ ಇಟ್ಕೊಂಡಿದ್ದೀರಾ. ರಜೆ ಬಂತು ಅಂತ ಹತ್ತು ಜನ ಒಂದೇ ದಿನ ಬಂದು 180 ತೆಗೆದ್ರೆ ಮಿಕ್ಕವರಿಗೆ ಬರೀ ಎಂಗೇಜ್ ಟೋನ್.

ಹಾಗಾಗಿ ಮೊದಲು ವಾಪಸ್ ಮಿತಿ ತೀರ್ಮಾನ ಮಾಡಿ, ಅದರಿಂದ ಹಿಂದಕ್ಕೆ ಬನ್ನಿ. ದಿನದ ಟೈಮ್ 60 ಇದ್ರೆ ವಾಪಸ್ 60 ಇಡಿ. ಒಬ್ಬ ಹೆಚ್ಚಂದ್ರೆ 120 ನಿಮಿಷ ಕೂತಿರ್ತಾನೆ, ದಿನದ ಹನ್ನೆರಡನೇ ಒಂದು ಭಾಗ, ಸಹಿಸ್ಕೊಬಹುದು, ಆ 73 ನಿಮಿಷದ ಫೈಲೂ ಆರಾಮಾಗಿ ಇಳಿಯತ್ತೆ. ಒಟ್ಟು ಮಿತಿ 120ರಷ್ಟು ಇಡಿ, ಒಂದೇ ಲೈನಿಗೆ ಅದಕ್ಕಿಂತ ಹೆಚ್ಚು ಯಾಕೆ. ಜಮಾ ಮಿತಿ 30, ಆಗ ನಾಲ್ಕು ದಿನ ಬಂದವನ ಖಾತೆ ತುಂಬತ್ತೆ. ಕೈಲಿ ಉಳೀಬೇಕಾದ್ದು 5 ನಿಮಿಷ, ಇದನ್ನ ಸೊನ್ನೆ ಬಿಟ್ರೆ ಯಾರೋ ಇರೋದೆಲ್ಲಾ ಜಮಾ ಮಾಡ್ತಾನೆ, ಬ್ಯಾಂಕಿಂದ ಹೊರಗೆ ಬಂದ ತಕ್ಷಣ ಟೈಮ್ ಮುಗೀತು ಅಂತ ಬಿಬಿಎಸ್ ಒದ್ದು ಕಳಿಸತ್ತೆ, ಗುಡ್‌ಬೈ ಸ್ಕ್ರೀನೂ ಇಲ್ಲ.

ಬಡ್ಡಿ ಆಫ್ ಮಾಡಿ. ತಮಾಷೆಯಾಗೇನೋ ಇರತ್ತೆ, ಆದ್ರೆ ಇಲ್ಲದೇ ಇರೋ ನಿಮಿಷ ಎಲ್ಲಿಂದ ತಂದು ಕೊಡ್ತೀರಾ, ದಿನಕ್ಕೆ 1440 ಅಂತೂ 1441 ಆಗಲ್ಲ. ಇದೇ ಥರದ ಇನ್ನೊಂದು ಸಣ್ಣ ತೂತು ಅಪ್‌ಲೋಡ್ ಕ್ರೆಡಿಟ್. ಅಪ್‌ಲೋಡಿಗೆ ಹಿಡಿದ ಟೈಮಿನ ಎರಡರಷ್ಟು ವಾಪಸ್ ಕೊಡೋ ಸೆಟ್ಟಿಂಗ್ ಇಟ್ಟಿದ್ರೆ, 20 ನಿಮಿಷ ಏನೋ ಒಂದು ಕಸದ ಫೈಲ್ ಕಳಿಸಿ 40 ತಗೊಂಡು ಅದನ್ನ ಬ್ಯಾಂಕಿಗೆ ಹಾಕೋರು ಇದ್ದೇ ಇರ್ತಾರೆ. ಜಮಾ ಮಿತಿ ನಿಜವಾಗಿ ಉಪಯೋಗಕ್ಕೆ ಬರೋದು ಇಲ್ಲಿ.

ಹಂತ 5: ಇವೆಂಟ್ ಮತ್ತೆ ಮಧ್ಯರಾತ್ರಿ

ನಿಮ್ಮ ಬಿಬಿಎಸ್ ಫಿಡೋನೆಟ್ (ಬಿಬಿಎಸ್‌ಗಳು ಒಂದಕ್ಕೊಂದು ಮೇಲ್ ಸಾಗಿಸೋ ಜಾಲ) ನೋಡ್ ಆಗಿದ್ರೆ ಝೋನ್ ಮೇಲ್ ಅವರ್‌ಗೆ, ಅಂದ್ರೆ ಆ ಮೇಲ್ ಸಾಗಿಸೋಕೆ ಗೊತ್ತು ಮಾಡಿರೋ ಗಂಟೆಗೆ, ಲೈನ್ ಖಾಲಿ ಇರಲೇಬೇಕು, ಝೋನ್ 1ರಲ್ಲಿ ಅದು ಯುಟಿಸಿ 9ರಿಂದ 10, ಝೋನ್ 2ರಲ್ಲಿ ಎರಡೂವರೆಯಿಂದ ಮೂರೂವರೆ. ಇವೆಂಟ್ ಹತ್ರ ಬಂದಾಗ ಬಿಬಿಎಸ್ ಯೂಸರ್ ಟೈಮನ್ನ ತಾನೇ ಕಡಿಮೆ ಮಾಡತ್ತೆ, 60 ಇದ್ದೋನಿಗೂ ಇವೆಂಟಿಗೆ 15 ನಿಮಿಷ ಇದ್ರೆ 15 ಅಂತಾನೇ ತೋರಿಸತ್ತೆ. ಈಗ ಆ ಮನುಷ್ಯ ಬ್ಯಾಂಕಿಗೆ ಹೋಗಿ 60 ವಾಪಸ್ ತೆಗೆದ್ರೆ? ಇವೆಂಟ್ ಟೈಮ್ ನೋಡೋ ಬ್ಯಾಂಕ್ ಆದ್ರೆ ಬೇಡ ಅನ್ನತ್ತೆ. ನೋಡದೇ ಇರೋದಾದ್ರೆ 75 ನಿಮಿಷ ಕೊಟ್ಟು ಕೂರಿಸತ್ತೆ, ಮೇಲ್ ಅವರ್ ಹಾಳು. ನಿಮ್ಮ ಬ್ಯಾಂಕಲ್ಲಿ ಈ ಸೆಟ್ಟಿಂಗ್ ಇದ್ರೆ ಆನ್ ಮಾಡಿ. ಇಲ್ಲಾಂದ್ರೆ ಬ್ಯಾಚ್ ಫೈಲಿಗೋ ಮೆನು ಐಟಂಗೋ ಟೈಮ್ ಹಾಕಿ, ಇವೆಂಟಿಗೆ ಎರಡು ಗಂಟೆ ಮುಂಚೆಯಿಂದ ಬ್ಯಾಂಕ್ ಬಾಗಿಲು ಹಾಕಿರಲಿ.

ಮಧ್ಯರಾತ್ರಿ ಇನ್ನೊಂದು ತಲೆನೋವು. 11:50ಕ್ಕೆ ಬಂದು 30 ಜಮಾ ಮಾಡಿ, 12:01ಕ್ಕೆ ಹೊಸ ದಿನದ 30 ಜಮಾ ಮಾಡೋದು ತಪ್ಪಲ್ಲ ಬಿಡಿ, ಅದು ಅವನ ಹಕ್ಕು. ಆದ್ರೆ ಹಳೇ ಬ್ಯಾಂಕ್‌ಗಳಲ್ಲಿ ಕೆಲವು ಟೈಮನ್ನ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಅಂತ ಲೆಕ್ಕ ಇಡ್ತವೆ, ಡೋರ್ ಒಳಗೆ ಇರುವಾಗ್ಲೇ 12 ದಾಟಿದ್ರೆ ಕಳೆದ ಟೈಮ್ ಮೈನಸ್ ಆಗಿ ಯೂಸರ್‌ಗೆ ಸಾವಿರಕ್ಕೂ ಮೇಲೆ ನಿಮಿಷ ಉಳಿದಿದೆ ಅಂತ ಬರತ್ತೆ. ಡಾಸ್ ಗಡಿಯಾರಾನ 11:58ಕ್ಕೆ ಇಟ್ಟು ಲೋಕಲ್‌ನಲ್ಲೇ (ಮೋಡೆಮ್ ಇಲ್ಲದೆ ಅದೇ ಮಷೀನ್ ಮುಂದೆ ಕೂತು) ಒಂದ್ಸಲ ನೋಡ್ಬಿಡಿ, ನೋಡಿಯಾದ್ಮೇಲೆ ಗಡಿಯಾರ ಸರಿ ಮಾಡೋದು ಮರೀಬೇಡಿ.

ಹಂತ 6: ಪರೀಕ್ಷೆ

ಇದನ್ನ ಬಿಟ್ಟು ಬಾಗಿಲು ತೆಗೆದ್ರೆ ಮೇಲಿಂದ ಇಲ್ಲಿವರೆಗೂ ಓದಿದ್ದು ದಂಡ. ಒಂದು ಟೆಸ್ಟ್ ಯೂಸರ್ ಮಾಡಿ, ಸಾಧಾರಣ ಸೆಕ್ಯುರಿಟಿ ಲೆವೆಲ್ ಕೊಡಿ, ಸಿಸಾಪ್ (ಅಂದ್ರೆ ಬಿಬಿಎಸ್ ನಡೆಸೋನ) ಅಕೌಂಟಲ್ಲಿ ಪರೀಕ್ಷೆ ಮಾಡ್ಬೇಡಿ, ಅದಕ್ಕೆ ಮಿತೀನೇ ತಗಲದೇ ಇರಬಹುದು.

ಮೊದಲು ಲೋಕಲ್ ಲಾಗಿನ್. 20 ನಿಮಿಷ ಜಮಾ ಮಾಡಿ, ಮೆನುಗೆ ವಾಪಸ್ ಬಂದು ಉಳಿದ ಟೈಮ್ ನೋಡಿ, 20 ಕಮ್ಮಿ ಆಗಿದೆಯಾ? ಆಗಿಲ್ಲಾಂದ್ರೆ ಬಿಬಿಎಸ್ ಡ್ರಾಪ್ ಫೈಲ್ ವಾಪಸ್ ಓದ್ತಿಲ್ಲ, ಹಂತ 1ಕ್ಕೆ ಹೋಗಿ. ಆಗಿದ್ರೆ ಇಲ್ಲಿಗೇ ಖುಷಿ ಪಡಬೇಡಿ, *ಲಾಗಾಫ್ ಆಗಿ ಮತ್ತೆ ಲಾಗಿನ್ ಆಗಿ.* ಬಹಳಷ್ಟು ಬಿಬಿಎಸ್ ಯೂಸರ್ ಫೈಲಲ್ಲಿ "ಉಳಿದ ಟೈಮ್" ಅಂತ ಇಡಲ್ಲ, "ಇವತ್ತು ಬಳಸಿದ ಟೈಮ್" ಅಂತ ಇಡ್ತವೆ, ಲಾಗಿನ್ ಆದಾಗ ಮಿತಿಯಿಂದ ಅದನ್ನ ಕಳೆದು ತೋರಿಸ್ತವೆ. ಬ್ಯಾಂಕ್ ಉಳಿದ ಟೈಮನ್ನ ಮಾತ್ರ ಇಳಿಸಿ ಬಳಸಿದ ಟೈಮನ್ನ ಏರಿಸದೇ ಇದ್ರೆ, ಆ ಕಾಲ್‌ನಲ್ಲಿ ಸರಿ ಕಾಣತ್ತೆ, ಮುಂದಿನ ಕಾಲ್‌ನಲ್ಲಿ 20 ನಿಮಿಷ ವಾಪಸ್ ಬಂದಿರತ್ತೆ. ಉಲ್ಟಾನೂ ನೋಡಿ, 20 ವಾಪಸ್ ತೆಗೆದು ಲಾಗಾಫ್ ಆಗಿ ಮತ್ತೆ ಬಂದಾಗ ಆ ಹೆಚ್ಚುವರಿ 20 ಉಳಿದಿದೆಯಾ, ಇಲ್ಲಾ ಗಾಳಿಗೆ ಹೋಯ್ತಾ. ಗಾಳಿಗೆ ಹೋದ್ರೆ ಯೂಸರ್‌ಗಳು ನಿಮಗೆ ಹಿಡಿಶಾಪ ಹಾಕ್ತಾರೆ.

ಆಮೇಲೆ ಮೋಡೆಮ್ ಮೂಲಕ. ಇನ್ನೊಂದು ಲೈನಿಂದ ಡಯಲ್ ಮಾಡಿ ಬ್ಯಾಂಕ್ ಒಳಗೆ ಹೋಗಿ, ಜಮಾ ಮಾಡಿ, ಜಮಾ ಆಯ್ತು ಅಂತ ಬಂದ ಕ್ಷಣಾನೇ ಫೋನ್ ವೈರ್ ಎಳೆದುಬಿಡಿ. ಲೋಕಲ್‌ನಲ್ಲಿ ಈ ಪರೀಕ್ಷೆ ಮಾಡೋಕಾಗಲ್ಲ, ಅಲ್ಲಿ ಕ್ಯಾರಿಯರೇ ಇಲ್ಲ. ಬ್ಯಾಂಕ್ ತನ್ನ ಡೇಟಾ ಫೈಲನ್ನ ತಕ್ಷಣ ಬರೆದು, ಡ್ರಾಪ್ ಫೈಲನ್ನ ಮಾತ್ರ ಸರಿಯಾಗಿ ಎಕ್ಸಿಟ್ ಆದಾಗ ಬರೆಯೋದಾದ್ರೆ, ವೈರ್ ಎಳೆದವನಿಗೆ ಎರಡೂ ಕಡೆ ನಿಮಿಷ. ಮತ್ತೆ ಡಯಲ್ ಮಾಡಿ ಎರಡೂ ಖಾತೆ ತಾಳೆ ನೋಡಿ. ತಾಳೆ ಆಗದ ಬ್ಯಾಂಕನ್ನ ಸೆಟ್ಟಿಂಗಿಂದ ರಿಪೇರಿ ಮಾಡೋಕಾಗಲ್ಲ, ಬೇರೆ ಬ್ಯಾಂಕ್ ಹುಡುಕಿ. ಇದನ್ನ ಹೇಳೋಕೆ ನನಗೂ ಬೇಜಾರೇ, ಮೂರು ದಿನ ಕೂತು ಸೆಟ್ ಮಾಡಿದ್ದನ್ನ ಎತ್ತಿಟ್ಟಿದ್ದೀನಿ, ಆದ್ರೆ ಈ ತೂತು ಒಬ್ಬನಿಗೆ ಗೊತ್ತಾದ್ರೆ ವಾರದೊಳಗೆ ಊರಿಗೆಲ್ಲಾ ಗೊತ್ತಾಗತ್ತೆ.

ಎರಡು ಲೈನ್ ಇದ್ರೆ

ಷೇರ್.ಇಎಕ್ಸ್‌ಇ (ಒಂದೇ ಫೈಲನ್ನ ಇಬ್ಬರು ಒಟ್ಟಿಗೆ ತೆಗೆದ್ರೂ ಕೆಡದಂಗೆ ಕಾಯೋ ಡಾಸ್ ಪ್ರೋಗ್ರಾಮ್) ಲೋಡ್ ಮಾಡಿ, ಪ್ರತಿ ನೋಡಿಗೂ (ಇಲ್ಲಿ ನೋಡ್ ಅಂದ್ರೆ ಒಂದೊಂದು ಲೈನ್) ಬೇರೆ ಡೈರೆಕ್ಟರಿ, ಡ್ರಾಪ್ ಫೈಲ್ ಪಾತ್ ನೋಡ್ ನಂಬರ್ ಪ್ರಕಾರ ಬದಲಾಗಲಿ. ರಿಮೋಟ್‌ಆಕ್ಸೆಸ್‌ನಲ್ಲಿ ಸ್ಟಾರ್ ಎನ್ ಹಾಕಿದ ಜಾಗಕ್ಕೆ ನೋಡ್ ನಂಬರ್ ಬರತ್ತೆ, ಬ್ಯಾಚ್ ಫೈಲಿಗೆ ಅದನ್ನೇ ಕಳಿಸಿ. ನೋಡ್ 2ರಲ್ಲಿ ಫೈಲ್ ಹೆಸರು ಡೋರ್‌ಇನ್ಫೋ2.ಡೆಫ್ ಆಗಿರತ್ತೆ, ಎಷ್ಟೋ ಡೋರ್‌ಗಳು ಕಣ್ಣು ಮುಚ್ಕೊಂಡು 1ನ್ನೇ ಹುಡುಕ್ತವೆ, ಸಿಗದೇ ಇದ್ರೆ ಎಕ್ಸಿಟ್, ಹಳೇದೊಂದು ಅಲ್ಲೇ ಬಿದ್ದಿದ್ರೆ ಇನ್ನೂ ಕಷ್ಟ, ನಿನ್ನೆ ಬಂದವನ ಖಾತೆಗೆ ಇವತ್ತಿನವನ ನಿಮಿಷ ಹೋಗತ್ತೆ. ಬ್ಯಾಂಕಿನ ಡೇಟಾ ಫೈಲ್ ಮಾತ್ರ ಎರಡೂ ನೋಡಿಗೆ ಒಂದೇ ಇರಬೇಕು, ಅದಕ್ಕೇ ಷೇರ್ ಬೇಕಾಗೋದು. ಒಬ್ಬನೇ ಎರಡು ನೋಡಲ್ಲಿ ಒಟ್ಟಿಗೆ ಲಾಗಿನ್ ಆಗೋದನ್ನ ಬಿಬಿಎಸ್ ಕಡೆಯಿಂದಲೇ ನಿಲ್ಲಿಸಿ.

ಹಳೇ ಬ್ಯಾಂಕ್, ಹೊಸ ಮಷೀನ್

ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಬ್ಯಾಂಕ್ ವೇಗದ ಮಷೀನಲ್ಲಿ ಶುರುವಾಗ್ತಿದ್ದಂಗೆ "ರನ್‌ಟೈಮ್ ಎರರ್ 200" ಅಂತ ಸತ್ರೆ ಗಾಬರಿ ಆಗಬೇಡಿ, ಅದು ಆ ಪ್ಯಾಸ್ಕಲ್‌ನ ಸಿಆರ್‌ಟಿ ಯೂನಿಟ್ ಮಷೀನ್ ವೇಗ ಅಳೆಯೋಕೆ ಹೋಗಿ ಲೆಕ್ಕ ತಪ್ಪೋದು. ಇಎಕ್ಸ್‌ಇ ಫೈಲಿಗೆ ಪ್ಯಾಚ್ ಸಿಗತ್ತೆ, ಇಲ್ಲಾ ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್ ಕಮ್ಮಿ ಮಾಡಿ ಓಡಿಸಿ. ಎರಡನೇದು ವರ್ಷ. ಡೋರ್.ಸಿಸ್‌ನಲ್ಲಿ ತಾರೀಖು ತಿಂಗಳು-ದಿನ-ಎರಡಂಕಿ ವರ್ಷ. "ಕೊನೇ ಸಲ ಬಂದ ತಾರೀಖಿಗಿಂತ ಇವತ್ತು ದೊಡ್ಡದಾ" ಅಂತ ಎರಡಂಕಿಯಲ್ಲೇ ಹೋಲಿಸೋ ಬ್ಯಾಂಕಿಗೆ 99 ದೊಡ್ಡದು, 00 ಚಿಕ್ಕದು. ಹಳೇ ಡೇಟಾ ಫೈಲ್ ತಂದು ಹಾಕಿದ್ರೆ ದಿನದ ಮಿತಿ ರೀಸೆಟ್ಟೇ ಆಗಲ್ಲ, ಇವತ್ತಿನ ಜಮಾ ಮುಗೀತು ಅಂತ ದಿನಾ ಅನ್ನತ್ತೆ. ಹೊಸ ಡೇಟಾ ಫೈಲಿಂದ ಶುರು ಮಾಡಿ.

ದಿನಾ ನೋಡ್ಕೊಳ್ಳೋದು

ರಾತ್ರಿ ಮೇಂಟೆನೆನ್ಸ್ ಬ್ಯಾಚಲ್ಲಿ ಬ್ಯಾಂಕಿನ ಡೇಟಾ ಫೈಲ್ ಕಾಪಿ ಆಗಲಿ, ಬಿಬಿಎಸ್ ಯೂಸರ್ ಫೈಲ್ ಜೊತೆಗೇ ಆಗಲಿ, ಯಾಕಂದ್ರೆ ಒಂದನ್ನ ಮಾತ್ರ ಹಿಂದಿನ ದಿನದ್ದಕ್ಕೆ ವಾಪಸ್ ತಂದ್ರೆ ಎರಡೂ ಮತ್ತೆ ತಾಳೆ ತಪ್ತವೆ. ಮೂರು ತಿಂಗಳು ಬರದೇ ಇರೋರ ಖಾತೆ ಅಳಿಸೋ ಆಯ್ಕೆ ಇದ್ರೆ ಆನ್ ಮಾಡಿ, ಬಿಬಿಎಸ್ ಯೂಸರ್ ಫೈಲಿಂದ ಯಾರನ್ನಾದ್ರೂ ಅಳಿಸಿದಾಗ ಬ್ಯಾಂಕಿಂದಲೂ ಅಳಿಸಿ. ಕೆಲವು ಬ್ಯಾಂಕ್ ಹೆಸರಿನ ಬದಲು ಯೂಸರ್ ರೆಕಾರ್ಡ್ ನಂಬರ್ ಮೇಲೆ ಖಾತೆ ಇಡ್ತವೆ, ಅಂಥದ್ದರಲ್ಲಿ ನೀವು ಯೂಸರ್ ಫೈಲ್ ಪ್ಯಾಕ್ ಮಾಡಿದ (ಅಳಿಸಿದೋರ ಖಾಲಿ ಜಾಗ ತೆಗೆದ) ರಾತ್ರಿ ಎಲ್ಲರ ನಿಮಿಷಾನೂ ಪಕ್ಕದವನಿಗೆ ಹೋಗಿರತ್ತೆ.

ಲಾಗ್ ಫೈಲ್ ಆನ್ ಇರಲಿ, ಮೊದಲ ಎರಡು ವಾರ ದಿನಾ ಓದಿ. ಒಬ್ಬನೇ ಒಂದೇ ದಿನ ಮಿತಿಗಿಂತ ಹೆಚ್ಚು ಸಲ ಜಮಾ ಮಾಡಿದ್ರೆ, ಜಮಾ ಆದ ತಕ್ಷಣ ಕ್ಯಾರಿಯರ್ ಹೋದ ಸಾಲುಗಳು ಒಂದೇ ಹೆಸರಲ್ಲಿ ಮೂರ್ನಾಲ್ಕು ಕಾಣಿಸಿದ್ರೆ, ಅಲ್ಲೇನೋ ಇದೆ. ಮಿತಿ ಇಳಿಸ್ಬೇಕು ಅನ್ಸಿದ್ರೆ ಬುಲೆಟಿನಲ್ಲಿ ವಾರದ ಮುಂಚೆ ಹಾಕಿ, ಮತ್ತೆ ಡೇಟಾ ಫೈಲ್ ಕಾಪಿ ಇಟ್ಕೊಂಡು ಟೆಸ್ಟ್ ಯೂಸರ್ ಮೇಲೆ ನೋಡಿ, ಯಾಕಂದ್ರೆ ಒಟ್ಟು ಮಿತಿ 180ರಿಂದ 120ಕ್ಕೆ ಇಳಿಸಿದಾಗ ಕೆಲವು ಬ್ಯಾಂಕ್ ಹಳೇ 180 ಹಂಗೇ ಬಿಟ್ಟು ಹೊಸ ಜಮಾ ಮಾತ್ರ ಬೇಡ ಅನ್ನತ್ತೆ, ಕೆಲವು ಮುಂದಿನ ಸಲ ಯೂಸರ್ ಬಂದಾಗ ಹೇಳದೇ ಕೇಳದೇ 60 ನಿಮಿಷ ಕತ್ತರಿಸಿಬಿಡತ್ತೆ.